ಐದು ರಬ್ಬರ್ ಚೂರು

ಅಕ್ಟೋಬರ್ 3, ಮಂಗಳವಾರ

ಆರೂವರೆಗೆ ಬೋಟಿನ ಎಂಜಿನ್ ಚಾಲೂ. ಅತ್ತಿಗೆ ಏವಿಸ್ ಕಂಬಳಿ ಹೊದ್ದು ಕೂತರು. ಇವತ್ತು ಹನ್ನೊಂದನೇ ರೇಡಿಯೇಶನ್, ಇನ್ನೂ ಹದಿನಾಲ್ಕು. ನಮ್ಮ ದ್ವೀಪಕ್ಕೆ ಫೆರ್ರಿ ವಾರಕ್ಕೆ ಮೂರೇ ದಿನ. ಹಾಗಾಗಿ ನಾನು. ಆಚೆ ದಡದ ರಾಕ್‌ಲ್ಯಾಂಡ್ ಮುಟ್ಟಿ, ಅಲ್ಲಿಂದ ಆಸ್ಪತ್ರೆಗೆ ಕಾರು.

ಬರುವಾಗ ನಡುನೀರಲ್ಲಿ ಎಂಜಿನ್ನಿನ ಟೆಂಪರೇಚರ್ ಮುಳ್ಳು 180 ಫ್ಯಾರನ್‌ಹೀಟ್ ದಾಟಿ 210ಕ್ಕೆ. ಹಿಂದೆ ಬಗ್ಗಿ ನೋಡಿದೆ. ಹೊಗೆ ಕೊಳವೆಯಿಂದ ಎಂಜಿನ್ ತಣಿಸಿದ ಸಮುದ್ರದ ನೀರು ಭರ್ರನೆ ಬರಬೇಕು — ಬೆಕ್ಕು ಉಚ್ಚೆ ಹೊಯ್ದಷ್ಟು ಬರ್ತಿತ್ತು. ಜೊತೆಗೆ ಬಿಳಿ ಆವಿ. ತೆವಳಿಕೊಂಡು ಬಂದೆ. ನಲವತ್ತು ನಿಮಿಷದ ದಾರಿ, ಎರಡು ಗಂಟೆ.

ಅಣ್ಣ ಮರ್ಲ್ ದಕ್ಕೆಯ ಮೇಲೆ ಕಾಯ್ತಿದ್ದ. ಕಣ್ಣು ಹೋಗಿ ಬೋಟ್ ನನಗೆ ಬಿಟ್ಟುಕೊಟ್ಟ ಮೇಲೆ ಅದರೊಳಗೆ ಕಾಲಿಟ್ಟಿಲ್ಲ. "ಇಪ್ಪತ್ತು ವರ್ಷ ನನ್ನ ಕೈಲಿತ್ತು. ಒಂದಿನ ಹೀಗೆ ಮಾಡಿಲ್ಲ" ಅಂದ. ನಾನು ಹಗ್ಗ ಕಟ್ಟಿದೆ.

ಅ. 4

ನಸುಕಿಗೇ ಶುರು. ನೀರು ಒಳಬರುವ ಹೋಸ್ ಬಿಚ್ಚಿ ವಾಲ್ವ್ ತಿರುಗಿಸಿದೆ — ಮುಖಕ್ಕೇ ಚಿಮ್ಮಿತು. ಅಲ್ಲಿ ಸರಿ. ಜಾಲರಿಯಲ್ಲಿ ಒಂದಿಷ್ಟು ಪಾಚಿ, ಅಷ್ಟೇ. ಪಂಪ್ ಬಿಚ್ಚಿದರೆ... ಒಳಗಿನ ರಬ್ಬರ್ ಚಕ್ರದ ಆರು ರೆಕ್ಕೆಯಲ್ಲಿ ಮೂರು ಮಾಯ. ಹೊಸದು ಹಾಕಿದೆ.

ಹೋಗಿಬಂದೆವು. ಮುಳ್ಳು 190. ಪರವಾಗಿಲ್ಲ. ಮುರಿದ ರೆಕ್ಕೆ ಎಲ್ಲಿ ಹೋದವು ಅಂತ ಅತ್ತಿಗೆ ಕೇಳಿದರು. ನೀರಿನ ಜೊತೆ ಹೊರಗೆ ಹೋಗಿರಬೇಕು ಅಂದೆ.

ಅ. 5

ಎದುರು ಗಾಳಿ. ವೇಗ ಹೆಚ್ಚಿಸಿದೆ. 215. ಎಂಜಿನ್ ಆರಿಸಲೇಬೇಕಾಯಿತು. ಗಾಳಿ ಬಂಡೆಗಳ ಕಡೆ ತಳ್ಳುತ್ತಿತ್ತು. ಲಂಗರು ಎಸೆದೆ — ಜಾರಿತು, ಜಾರಿತು, ಹಿಡಿಯಿತು. ಅತ್ತಿಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ನಾನು ರೇಡಿಯೋದಲ್ಲಿ ಸಹಾಯ ಕೇಳಿದೆ.

ಯಾರದೋ ಲಾಬ್‌ಸ್ಟರ್ ಹಿಡಿಯುವ ಬೋಟ್ ನಮ್ಮನ್ನು ದ್ವೀಪಕ್ಕೆ ಎಳೆದು ತಂದಿತು. ಇವತ್ತಿನ ಚಿಕಿತ್ಸೆ ತಪ್ಪಿತು.

"ನನ್ನ ಹೆಂಡ್ತೀನ ಮುಳುಗಿಸೋಕೆ ಹೊರಟಿದ್ದೀಯಾ?" ಅಂದ ಅಣ್ಣ.

"ನೀನೇ ಒಳಗಿಳಿದು ನೋಡು ಹಾಗಾದ್ರೆ" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನೋಡು ಅಂತ, ಅವನಿಗೆ...

ಅ. 6, ಬೆಳಗ್ಗೆ 6

ಅಣ್ಣ ಬಂದ. ಏಣಿಯ ಮೆಟ್ಟಿಲು ಕಾಲಲ್ಲಿ ತಡವಿ ಬೋಟಿಗೆ ಇಳಿದ. ಹೀಟ್ ಎಕ್ಸ್‌ಚೇಂಜರ್ ಮುಚ್ಚಳ ತೆಗಿ ಅಂದ. ಒಳಗೆ ಸಣ್ಣ ಕೊಳವೆಗಳ ಗೊಂಚಲು — ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರು ಹೊತ್ತೊಯ್ಯುವುದು ಅಲ್ಲೇ. ಟಾರ್ಚ್ ಹಾಕಿದೆ. ನನಗೆ ಉಪ್ಪು, ತುಕ್ಕು ಬಿಟ್ಟು ಏನೂ ಕಾಣಲಿಲ್ಲ.

ಅಣ್ಣ ಕಿರುಬೆರಳು ತೂರಿಸಿ ಸುತ್ತ ತಡಕಿದ. ನನ್ನ ಅಂಗೈಗೆ ಒಂದು ರಬ್ಬರ್ ಚೂರು. ಎರಡು. ಮೂರು. ಮೂರೂ ರೆಕ್ಕೆ ಸಿಕ್ಕವು, ಮುಗೀತು ಅಂದೆ.

"ತಡಿ." ನಾಲ್ಕು. ಐದು. ಇವೆರಡು ಕಲ್ಲಿನಷ್ಟು ಗಟ್ಟಿ.

ಅವನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ಮುಟ್ಟಿದ. ಆಮೇಲೆ — "ಇವೆರಡು ನನ್ನ ಕಾಲದ್ದು ಕಣೇ, ವರ್ನಾ. ಚಕ್ರ ಬದಲಾಯಿಸಿದ್ದೆ, ಚೂರು ಹುಡುಕಿರ್ಲಿಲ್ಲ. ಆಗಿಂದ್ಲೂ ಬಿಸಿನೇ ಇತ್ತು. ನಿಧಾನ ಓಡಿಸ್ತಿದ್ದೆ, ಯಾರಿಗೂ ಹೇಳ್ಲಿಲ್ಲ."

ಮುಚ್ಚಳ ಹಾಕಿ ಎಂಜಿನ್ ಶುರು ಮಾಡಿದೆ. ಹಿಂದಿನಿಂದ ನೀರು ಬಕೆಟ್ಟುಗಟ್ಟಲೆ. ಅಣ್ಣ ಬಗ್ಗಿ ಧಾರೆಗೆ ಕೈ ಒಡ್ಡಿ ನಿಂತ. ಎಷ್ಟೋ ಹೊತ್ತು ತೆಗೆಯಲಿಲ್ಲ.

ಏಳಕ್ಕೆ ಹೊರಡ್ತೀವಿ. ಅವನೂ ಬರ್ತಾನಂತೆ.

ಅ. 25, ಬುಧವಾರ

ಇಪ್ಪತ್ತೈದನೆಯದು. ಕೊನೆಯದು. ಇನ್ನು ಜನವರಿಗೆ ಬಂದರೆ ಸಾಕು ಅಂದರು ಡಾಕ್ಟರ್. ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಮುಳ್ಳು 175 ಬಿಟ್ಟು ಕದಲಿಲ್ಲ.

ಬರುವಾಗ ಅತ್ತಿಗೆ ಎದ್ದು ಬಂದು ಚುಕ್ಕಾಣಿ ಕೇಳಿದರು. ಮದುವೆಯಾಗಿ ನಲವತ್ತು ವರ್ಷ, ಅಣ್ಣ ಒಂದು ಸಲವೂ ಕೊಟ್ಟಿರಲಿಲ್ಲವಂತೆ. ಕೊಟ್ಟೆ. ಅಣ್ಣ ಕೂತಲ್ಲಿಂದಲೇ ಎಡಕ್ಕೆ, ಎಡಕ್ಕೆ ಅಂತ ಶುರು ಮಾಡಿದ.

"ನನಗೆ ಕಾಣುತ್ತೆ. ಸುಮ್ನೆ ಕೂತ್ಕೊಳ್ಳಿ" ಅಂದರು ಅತ್ತಿಗೆ.

ನಾನು ಗಕ್ಕನೆ ಅವನ ಮುಖ ನೋಡಿದೆ. ಅಣ್ಣ ಮಾತ್ರ ಹೊಟ್ಟೆ ಹಿಡಿದು ನಕ್ಕ.

ದಕ್ಕೆ ಕಂಡಿತು. ಅತ್ತಿಗೆ ಅತ್ತ ತಿರುಗಿಸಲಿಲ್ಲ. ದ್ವೀಪ ಬಳಸಿ ನೇರ ಹೊರಗಡಲಿಗೆ ಬಿಟ್ಟರು. ಗಾಳಿ ಬದಲಾದದ್ದು ಮುಖಕ್ಕೆ ತಾಗಿತೋ ಏನೋ, ಅಣ್ಣ ತಲೆ ಎತ್ತಿದ. ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡ. ಆಮೇಲೆ ಮೆಲ್ಲಗೆ, ಇನ್ನೂ ಸ್ವಲ್ಪ ದೂರ ಹೋಗೋಣ ಅಂದ.