ಬಾಗಿದ ಮರದ ಜಾಗದಲ್ಲಿ ಅಂಡರ್‌ಪಾಸ್

ಶೆಟ್ಟಿಕೆರೆ, ಮಂಗಳವಾರ

ವಾರಗಿತ್ತಿ ರತ್ನಮ್ಮನಿಗೆ ಹೊಂಬಾಳಮ್ಮ ಬರೆಯೋದು.

ಬೇಲಿಯಾಚೆ ಇರೋಳಿಗೆ ಕಾಗದ ಯಾಕೆ ಅಂತ ನಗಬೇಡ ಕಣೇ. ಫೋನ್ ಮಾಡಿದ್ರೆ ನೀನು ಎತ್ತಲ್ಲ, ಎತ್ತಿದ್ರೆ ನಾನು ಸುಮ್ಮನಿರಲ್ಲ.

ನಿನ್ನೆ ಹೈವೇಯವರು ಪಂಚಾಯ್ತೀಲಿ ನಕ್ಷೆ ಹಾಸಿದ್ರು. ಹೊಸ ರಸ್ತೆ ಹೋಗೋದು ನಮ್ಮಿಬ್ಬರ ಮನೆ ನಡುವಿನ ಬೇಲಿ ಮೇಲೇ. ನಿನ್ನ ಕಡೆ ಬಾಗಿರೋ ನನ್ನ ತೆಂಗಿನ ಮರಾನೂ ಹೋಗ್ತದೆ. ಅದರ ಕಾಯಿ ನಿನ್ನ ಅಂಗಳಕ್ಕೆ ಬಿತ್ತು, ನೀನು ಎತ್ತಿಕೊಂಡೆ ಅಂತ ತಾನೇ ನಾವು ಮಾತು ಬಿಟ್ಟಿದ್ದು?

ರಸ್ತೆ ಆದ್ಮೇಲೆ ನಿನ್ನ ಮನೆ ಆ ಕಡೆ, ನನ್ನ ಮನೆ ಈ ಕಡೆ. ದಾಟೋ ಅಂಡರ್‌ಪಾಸನ್ನ ಎಲ್ಲೋ ಊರಾಚೆ ಕೆರೆ ಏರಿ ಹತ್ರ ಗುರುತು ಮಾಡಿದ್ರು. ನಾನು ಎದ್ದು ನಿಂತು, ಮರ ಇರೋ ಜಾಗದಲ್ಲೇ ಮಾಡಿ ಅಂದೆ. ಮರ ಯಾರದ್ದಮ್ಮ ಅಂತ ಇಂಜಿನಿಯರ್ ಕೇಳಿದ್ರು. ನಮ್ಮಿಬ್ಬರದ್ದು ಅಂದ್ಬಿಟ್ಟೆ. ಹಂಗಾದ್ರೆ ಇಬ್ಬರೂ ಒಂದಷ್ಟು ಜಾಗ ಬಿಡಬೇಕು, ಗುರುವಾರ ತಾಲ್ಲೂಕು ಕಚೇರಿಗೆ ಜೊತೇಲಿ ಬಂದು ಒಪ್ಪಿಗೆ ಹೇಳಿ, ನಕ್ಷೆ ತಿದ್ದುತೀವಿ ಅಂದ್ರು.

ಬೆಳಗಿನ ಬಸ್ಸಿಗೆ ಬಾ. ಪಕ್ಕದಲ್ಲಿ ಸೀಟು ಹಿಡಿದಿರ್ತೀನಿ. ದಾರೀಲಿ ಮಾತಾಡದಿದ್ರೂ ಪರವಾಗಿಲ್ಲ.

ಇನ್ನೊಂದು. ಮರ ಕಡಿಯೋದರೊಳಗೆ ಬೀಳೋ ಕಾಯೀಲಿ ಎರಡನ್ನ ಒಡೀಬೇಡ. ನಿನ್ನ ಬಚ್ಚಲ ನೀರು ಹೋಗೋ ಕಡೆ ಮೊಳಕೆಗೆ ಇಡು. ಸಸಿ ಆದ್ಮೇಲೆ ಅಂಡರ್‌ಪಾಸಿನ ಆ ಬಾಯಿಗೊಂದು, ಈ ಬಾಯಿಗೊಂದು ನೆಡೋಣ. ಯಾವ ಕಡೆಗೆ ಬಾಗ್ತವೋ ಬಾಗಲಿ. ಕಾಯಿ ಯಾರ ಅಂಗಳಕ್ಕೆ ಬೀಳ್ತದೋ ಅವರದ್ದೇ.

ಈಗಲೂ ನಿನ್ನ ಅಕ್ಕನೇ,
ಹೊಂಬಾಳಮ್ಮ