ಹೊಲಿಗೆಗೆ ಬಿಡುವ ಅರ್ಧ ಇಂಚು

ಜೂನ್ 3, ಬೆಳಿಗ್ಗೆ

ಸ್ಕೂಲ್ ಯೂನಿಫಾರ್ಮ್ ಇನ್ನೂ ನಲವತ್ತೆರಡು ಬಾಕಿ. ಗುಂಡಿಗೆ ಕಾಜ ಮಾಡುವ ಮಷಿನ್ ಮತ್ತೆ ದಾರ ನುಂಗುತ್ತಿದೆ. ಎಣ್ಣೆ ಬಿಟ್ಟೆ, ಸುಮ್ಮನಾಯಿತು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಶೆಡ್ಡು. ಅಲ್ಲಿ ಏಳೂವರೆಗೇ ಸುತ್ತಿಗೆ ಶುರು. ತಮ್ಮನಿಗೆ ಮಂಗಳವಾರ ರಜೆ. ವಾರವೆಲ್ಲ ಗ್ಯಾರೇಜಿನಲ್ಲಿ ಗುದ್ದಿಸಿಕೊಂಡು ಬಂದ ಗಾಡಿಗಳ ತಗಡು ನೆಟ್ಟಗೆ ಮಾಡುತ್ತಾನೆ. ರಜೆಯ ದಿನ ಮನೆಯಲ್ಲಿ ನೆಟ್ಟಗಿರುವ ತಗಡನ್ನು ಡೊಂಕು ಮಾಡುತ್ತಾನೆ. ಹೀಗೆಂದವಳು ಅವನ ಹೆಂಡತಿ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಮಾತೂ ಹಾಗೆಯೇ, ನೇರ ಮೂಳೆಗೆ.

ರೇಸ್ ಕಾರು ಕಟ್ಟುತ್ತಿದ್ದಾನೆ. ಎಂಬತ್ತು ವರ್ಷದ ಹಿಂದಿನ ಮಾದರಿ. ಒಬ್ಬರೇ ಕೂರುವುದು, ಉದ್ದ ಮೂತಿ, ಚೂಪು ಬಾಲ, ಚಕ್ರ ಹೊರಗೆ. ಎಂಜಿನ್ ಮಾತ್ರ ಪಲ್ಟಿಯಾದ ಯಾವುದೋ ಸಣ್ಣ ಕಾರಿನದು. ನವೆಂಬರ್ ಕೊನೆಯ ಭಾನುವಾರ ಗುಡ್ಡದ ಓಟವಿದೆ, ಇಂಥ ಗಾಡಿಗಳಿಗೇ. ಒಂದೊಂದನ್ನೇ ಬಿಟ್ಟು ಟೈಮ್ ನೋಡುತ್ತಾರೆ. ಅಷ್ಟರೊಳಗೆ ಆಗಬೇಕಂತೆ. ಅವನ ಹೆಂಡತಿ ಅದಕ್ಕೆ ಸೋರೆಕಾಯಿ ಎಂದು ಹೆಸರಿಟ್ಟಾಯಿತು.

ಜೂನ್ 17

ನನಗೂ ಕೆಲಸ ಬಂತು. ಮೂತಿಯ ತಗಡು ಎರಡು ಸಲ ಹಾಳಾಗಿದೆ. ತಮ್ಮ ಬಂದು ಕಟಿಂಗ್ ಟೇಬಲ್ಲಿನ ಮೇಲೆ ಕೂತ. ಅದರ ಮೇಲೆ ಕೂರಬೇಡವೆಂದು ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

"ಅಕ್ಕ, ಕೋಟಿಗೂ ಇದಕ್ಕೂ ಏನ್ ವ್ಯತ್ಯಾಸ? ಅದೂ ಮೈ ಮೇಲೆ ಕೂರ್ಬೇಕು, ಇದೂ ಕೂರ್ಬೇಕು. ನೀನು ಪೇಪರ್ ಕಟಿಂಗ್ ಮಾಡ್ಕೊಡು, ನಾನು ಅದನ್ನ ಇಟ್ಟು ತಗಡು ಕತ್ತರಿಸ್ತೀನಿ."

ಒಪ್ಪಂದವಾಯಿತು. ಬಟ್ಟೆಯಲ್ಲಿ ಹೊಲಿಗೆಗೆ ಅರ್ಧ ಇಂಚು ಬಿಡುತ್ತೇವೆ. ತಗಡಿನಲ್ಲಿ ಅದೇ ಅರ್ಧ ಇಂಚು ಒಂದರ ಮೇಲೊಂದು ಕೂತು ರಿವೆಟ್ ಮೊಳೆ ಹೊಡೆಸಿಕೊಳ್ಳುತ್ತದೆ. ಇಬ್ಬರೂ ಬಿಟ್ಟರೆ ದೊಗಳೆ. ಇಬ್ಬರೂ ಬಿಡದಿದ್ದರೆ ಕೆಟ್ಟೆವು. ಆದ್ದರಿಂದ ಬಿಡುವುದು ನನ್ನ ಕೆಲಸ. ಒಳಗೊಂದು ಗೆರೆ, ಹೊರಗೊಂದು ಗೆರೆ, ನಡುವೆ "ಬಿ" ಎಂದು ಬರೆಯುವುದು. ಬಿಟ್ಟಿದೆ ಎಂದರ್ಥ. ಅವನು ಹೊರಗೆರೆ ಹಿಡಿದು ಕತ್ತರಿಸುವುದು.

ಜುಲೈ 2

ಮರಳು ಚೀಲ ಹೊಲಿದೆ. ತಗಡನ್ನು ಇದರ ಮೇಲಿಟ್ಟು ಮರದ ಸುತ್ತಿಗೆಯಲ್ಲಿ ಬಡಿದರೆ ಬಟ್ಟಲಿನಂತೆ ಕುಳಿ ಬೀಳುತ್ತದೆ. ದಪ್ಪ ಚರ್ಮ, ಎರಡು ಸುತ್ತು ಹೊಲಿಗೆ. ಮೂರು ಸೂಜಿ ಮುರಿದವು. ಅವನು ಮೊದಲ ಏಟು ಹಾಕುವಾಗ ಹೊಲಿಗೆ ಬಿಟ್ಟೀತೆಂದು ಉಸಿರು ಹಿಡಿದು ನಿಂತಿದ್ದೆ. ಬಿಡಲಿಲ್ಲ. "ಅಕ್ಕನ ಹೊಲಿಗೆ" ಎಂದ. ಐವತ್ತಾರಾದರೂ ತಮ್ಮನ ಬಾಯಿಂದ ಶಭಾಷ್ ಅನ್ನಿಸಿಕೊಳ್ಳುವ ಚಪಲ ಹೋಗಿಲ್ಲ.

ಜುಲೈ 22, ಸಂಜೆ 4

ಮೂತಿ ಆಯಿತು, ಬಾಲ ಆಯಿತು. ನಡುವೆ ಇನ್ನೂ ಖಾಲಿ... ಪೈಪಿನ ಚೌಕಟ್ಟು, ಒಂದು ಹಲಗೆ, ಸ್ಟಿಯರಿಂಗ್. ಅದಕ್ಕೆ ಚರ್ಮ ಸುತ್ತಿ ಹೊಲಿಯಬೇಕಿತ್ತು. ಕೂತೇ ಹೊಲಿಯಬೇಕು ಎಂಬ ನೆಪ. ಹೊಲಿದು ಮುಗಿದ ಮೇಲೂ ಕೂತಿದ್ದೆ.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ. ಇದನ್ನು ನಾನು ಓಡಿಸಬೇಕು. ನವೆಂಬರಿನಲ್ಲಿ, ಆ ಗುಡ್ಡದ ಮೇಲೆ, ನಾನು.

ಅಪ್ಪ ಅವನಿಗೆ ಹದಿನೆಂಟಕ್ಕೆ ಗಾಡಿ ಬಿಡಲು ಕಲಿಸಿದರು. ನಾನು ಹಿಂದಿನ ಸೀಟು. ಅವನು ಕ್ಲಚ್ ಒತ್ತುವ ಮೊದಲೇ ನಾನು ಮುಂದಿನ ಸೀಟಿನ ಬೆನ್ನಿಗೆ ಕಾಲು ಒತ್ತುತ್ತಿದ್ದೆ, ಅಪ್ಪನಿಂದ ಬೈಸಿಕೊಳ್ಳುತ್ತಿದ್ದೆ. ಲೈಸೆನ್ಸ್ ತೆಗೆದುಕೊಂಡಾಗ ನನಗೆ ನಲವತ್ತೊಂದು. ಈಗ ಯೂನಿಫಾರ್ಮ್ ಗಂಟು ಹಾಕಿಕೊಂಡು ವ್ಯಾನಿನಲ್ಲಿ ಊರೆಲ್ಲ ಸುತ್ತುತ್ತೇನೆ. ಒಂದು ಗೀರು ಬಿದ್ದಿಲ್ಲ. ತಮ್ಮ ಗೇರ್ ಹಾಕಿದರೆ ಯಾರೋ ತಳ ಹಿಡಿದ ಪಾತ್ರೆ ಕೆರೆದ ಹಾಗೆ.

ಅವನಿಗೆ ಹೇಳಬಹುದು. ಹೇಗೆ ಹೇಳುವುದು? ಗಾಡಿ ಅವನದು. ಬಡಿದು ಬಡಿದು ಭುಜ ಹಿಡಿದುಕೊಂಡು ಮುಲಾಮು ಹಚ್ಚಿಸಿಕೊಳ್ಳುತ್ತಿರುವವನೂ ಅವನೇ.

ಆಗಸ್ಟ್ 5

ತಮ್ಮನ ಅಳತೆ ತೆಗೆದೆ. ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ.

"ಉಸಿರು ಬಿಡು."

"ಬಿಟ್ಟಿದೀನಿ."

"ಪೂರ್ತಿ ಬಿಡೋ."

ಬಿಟ್ಟ. ಟೇಪು ಎರಡು ಇಂಚು ಮುಂದೆ ಹೋಯಿತು.

ಮೂತಿಗೂ ಬಾಲಕ್ಕೂ ಮರದ ಅಚ್ಚು ಮಾಡಿದ್ದ. ಕೂರುವ ಜಾಗಕ್ಕೆ ಅಚ್ಚಿಲ್ಲ, ಕೂರುವವನೇ ಅಚ್ಚು. ಎಡ, ಬಲ, ಬೆನ್ನು. ಮೂರು ತುಂಡು, ಕೋಟಿನ ಹಾಗೆ ಮೈ ಸುತ್ತಿ ಬರುವುದು. ಮಧ್ಯಾಹ್ನ ಕತ್ತರಿಸಿದೆ. ಸಂಜೆ ಕೊಟ್ಟೆ.

ಸೆಪ್ಟೆಂಬರ್ 9

ತಮ್ಮ ಅದರಲ್ಲಿ ಹಿಡಿಸಲಿಲ್ಲ.

ಒಂದು ತಿಂಗಳು ಬಡಿದು, ಉಜ್ಜಿ, ಚೌಕಟ್ಟನ್ನೂ ತಗಡಿಗೆ ತಕ್ಕಂತೆ ಬಗ್ಗಿಸಿ, ರಿವೆಟ್ ಹೊಡೆದು ಮುಗಿಸಿದ್ದ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹತ್ತಿದ. ಕಾಲು ಹೋಯಿತು, ಸೊಂಟ ಹೋಯಿತು, ಹೊಟ್ಟೆಯ ಹತ್ತಿರ ನಿಂತಿತು. ಕೆಳಗೂ ಇಳಿಯಲಾರ, ಮೇಲೂ ಬರಲಾರ. ಅವನ ಹೆಂಡತಿ ಒಂದು ತೋಳು, ನಾನೊಂದು ತೋಳು ಹಿಡಿದು ಎಳೆದು ತೆಗೆದೆವು. ಅವಳು ನಕ್ಕೂ ನಕ್ಕೂ ಸುಸ್ತಾದಳು. ನನಗೆ ನಗು ಬರಲಿಲ್ಲ.

ಟೇಪು ಹಿಡಿದೆ. ಸುತ್ತಳತೆಯಲ್ಲಿ ಮೂರು ಇಂಚು ಕಡಿಮೆ.

"ನಂದೇ ತಪ್ಪು. ಒಳಗೆರೆ ಹಿಡಿದು ಕತ್ತರಿಸಿಬಿಟ್ಟಿದೀನಿ ಅನ್ಸುತ್ತೆ" ಎಂದ. "ನೀನಂತೂ ಬಿಡದೆ ಇರಲ್ಲ."

ಸೆಪ್ಟೆಂಬರ್ 10, ಬೆಳಿಗ್ಗೆ

ಅಂಗಡಿ ತೆರೆಯುವ ಮೊದಲು ಕಾಗದದ ಕಟ್ಟು ಬಿಚ್ಚಿದೆ. ಮೂತಿಯ ತುಂಡುಗಳಲ್ಲಿ ಎರಡು ಗೆರೆ, ಬಿ. ಬಾಲದ ತುಂಡುಗಳಲ್ಲಿ ಎರಡು ಗೆರೆ, ಬಿ. ಕೂರುವ ಜಾಗದ ಮೂರರಲ್ಲಿ ಒಂದೇ ಗೆರೆ. ಬಿ ಇಲ್ಲ. ಮೂರು ಜೋಡಣೆ, ಒಂದೊಂದಕ್ಕೆ ಎರಡು ಅಂಚು, ಅಂಚಿಗೆ ಅರ್ಧ ಇಂಚು. ಲೆಕ್ಕ ಸರಿಹೋಯಿತು.

ಮೂವತ್ತೆರಡು ವರ್ಷದಲ್ಲಿ ಒಂದು ಕಾಲರಿಗೂ ಬಿಡುವುದನ್ನು ಮರೆತವಳಲ್ಲ. ಜ್ವರದಲ್ಲಿ ಕತ್ತರಿಸಿದ್ದೇನೆ, ಅಪ್ಪ ಹೋದ ವಾರ ಕತ್ತರಿಸಿದ್ದೇನೆ. ಕೈ ತನ್ನಷ್ಟಕ್ಕೆ ಬಿಡುತ್ತದೆ. ಆ ಮಧ್ಯಾಹ್ನ ಯಾಕೆ ಬಿಡಲಿಲ್ಲ? ಬೇಕೆಂದೇ ಮಾಡಿದೆ ಎನ್ನಲಾರೆ. ಮರೆತೆ ಎಂದು ಆಣೆ ಇಡಲೂ ಆರೆ.

ಶೆಡ್ಡಿಗೆ ಹೋಗಿ ಕೂತು ನೋಡಿದೆ. ನನಗೇ ಹೊಲಿಸಿದ ಹಾಗೆ ಮೈಗೆ ಹಿಡಿಸಿತು.

ಕಾಗದ ಮಡಚಿ ಬೀರುವಿನಲ್ಲಿ ಚೂರು ಬಟ್ಟೆಯ ಕೆಳಗಿಟ್ಟೆ. ಇದನ್ನು ಮಾತ್ರ ಬೇಕೆಂದೇ ಮಾಡಿದೆ.

ಸೆಪ್ಟೆಂಬರ್ 15

ತಮ್ಮ ವಾಕಿಂಗ್ ಶುರು ಮಾಡಿದ್ದಾನೆ. ಇನ್ನೊಂದು ತಿಂಗಳು ಬಡಿಯಲು ಭುಜ ಒಪ್ಪುವುದಿಲ್ಲ. "ತಗಡು ಹಿಗ್ಗಲ್ಲ, ನಾನೇ ಕುಗ್ತೀನಿ" ಎನ್ನುತ್ತಾನೆ. ಸಕ್ಕರೆ ಬಂದ್. ಸಂಜೆಯ ತಿಂಡಿ ಬಂದ್. ಯಾರು ಏನು ತಿಂದರೂ ಅವರ ಕೈಯನ್ನೇ ನೋಡುತ್ತ ಕೂರುತ್ತಾನೆ.

ಸೆಪ್ಟೆಂಬರ್ 23

ಅರ್ಧ ಇಂಚು ಇಳಿದಿದ್ದಾನೆ. ಮಂಗಳವಾರ ಬೆಳಿಗ್ಗೆ ಅಂಗಡಿಗೆ ಬಂದು ಕೈಯೆತ್ತಿ ನಿಲ್ಲುತ್ತಾನೆ, ನಾನು ಟೇಪು ಹಿಡಿಯಬೇಕು. ಎಷ್ಟು, ಎಷ್ಟು ಎನ್ನುತ್ತಾನೆ. ಹೇಳುತ್ತೇನೆ. ಇಂಥ ಶಿಕ್ಷೆ ಯಾವ ಜಡ್ಜಿಗೂ ಹೊಳೆಯಲಾರದು.

ಅಕ್ಟೋಬರ್ 5

ಗ್ಯಾರೇಜಿನಲ್ಲಿ ತಲೆ ಸುತ್ತಿ ಕೂತುಬಿಟ್ಟನಂತೆ. ಬೆಳಿಗ್ಗೆಯಿಂದ ಬರೀ ಚಹಾ, ಅದೂ ಸಕ್ಕರೆ ಇಲ್ಲದ್ದು. ಅವನ ಹೆಂಡತಿ ಡ್ಯೂಟಿ ಬಿಟ್ಟು ಓಡಿ ಹೋಗಿ ಕರೆತಂದಳು. ಮಲಗಿಸಿ ಬಂದು ನನ್ನ ಮಷಿನ್ ಪಕ್ಕ ನಿಂತಳು.

"ಅಕ್ಕ, ಇವ್ರು ಗೆರೆ ತಪ್ಪಿ ಕತ್ತರಿಸೋ ಪೈಕಿ ಅಲ್ಲ. ನೀವು ಮರೆಯೋ ಪೈಕಿ ಅಲ್ಲ. ಆ ಮೂರು ಇಂಚು ಎಲ್ಲಿಗೆ ಹೋಯ್ತು?"

ಉತ್ತರಕ್ಕೆ ಕಾಯಲಿಲ್ಲ. ಸೀದಾ ಒಳಗೆ ಹೋದಳು.

ಅಕ್ಟೋಬರ್ 7

ಇವತ್ತೂ ಬಂದು ಕೈಯೆತ್ತಿ ನಿಂತ. ಟೇಪು ತೆಗೆದುಕೊಳ್ಳಲಿಲ್ಲ. ಬೀರು ತೆರೆದು ಆ ಮೂರು ಕಾಗದ ಟೇಬಲ್ಲಿನ ಮೇಲೆ ಹರಡಿದೆ. ನೋಡಿದ. ಬೆರಳಿಟ್ಟು ಗೆರೆಯ ಉದ್ದಕ್ಕೂ ಹೋದ. ಕೈ ಇಳಿಸಿದ.

"ಮರೆತ್ಯಾ?"

"ಹೂಂ."

"ಅಕ್ಕ. ನೀನು ಯಾವತ್ತಾದ್ರೂ ಮರೆತಿದ್ದೀಯಾ?"

"ಇಲ್ಲ."

ಆಮೇಲೆ ಎಲ್ಲ ಹೇಳಿದೆ. ಕೂತು ನೋಡಿದ್ದು, ಹಿಡಿಸಿದ್ದು, ಕಾಗದ ಬಚ್ಚಿಟ್ಟದ್ದು. ನನಗೂ ಓಡಿಸುವ ಆಸೆ ಎಂಬುದನ್ನೂ.

ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದ. "ಒಂದು ತಿಂಗಳಿಂದ ನನ್ನ ಹೊಟ್ಟೆಗೆ ನಾನೇ ಬೈಕೊಂಡು ಓಡಾಡ್ತಿದೀನಿ. ನೀನು ಟೇಪ್ ಹಿಡಿದು ಅಳೀತಿದ್ದೆ. ಅರ್ಧ ಇಂಚು ಬಿಡಲಿಲ್ಲ, ಹೋಗ್ಲಿ. ಒಂದು ಸಲ ಬಾಯಿ ಬಿಟ್ಟು ಕೇಳಿದ್ರೆ ಏನಾಗ್ತಿತ್ತು?"

ಹೋದ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಪ್ಯಾಂಟ್ ಉದ್ದ ಮಾಡಿಸಲು ಬಂದವರೊಬ್ಬರು ಬಗ್ಗಿ ನೋಡಿ ವಾಪಸ್ ಹೋದರು.

ಅಕ್ಟೋಬರ್ 20

ಹದಿಮೂರು ದಿನ. ಊಟಕ್ಕೆ ಒಟ್ಟಿಗೇ ಕೂರುತ್ತಾನೆ, ತಟ್ಟೆಯೊಡನೆ ಮಾತ್ರ ವ್ಯವಹಾರ. ಉಪ್ಪು ಬೇಕಾದರೂ ಹೆಂಡತಿಯ ಮುಖಾಂತರ. ಅವಳು "ನಾನೇನು ಪೋಸ್ಟ್‌ಮ್ಯಾನಾ?" ಎಂದಳು. ಶೆಡ್ಡಿನಲ್ಲಿ ಸುತ್ತಿಗೆಯ ಸದ್ದಿಲ್ಲ.

ಬಿಗಿಯಾದ ಕೋಟಿಗೆ ಪಕ್ಕದಲ್ಲಿ ಪಟ್ಟಿ ಕೊಟ್ಟು ಹಿಗ್ಗಿಸುತ್ತೇವೆ. ತಗಡಿಗೂ ಕೊಡಬಹುದು. ಬೆಳಗ್ಗೆಯೆಲ್ಲ ಅಳೆದು ಎರಡು ಪಟ್ಟಿ ಕತ್ತರಿಸಿದೆ. ಮೂರು ಇಂಚು ಪೂರ್ತಿ ಬರುತ್ತದೆ. ಎರಡು ಗೆರೆ, ಅರ್ಧ ಇಂಚು, ನಾಲ್ಕು ಕಡೆ ಬಿ. ಶೆಡ್ಡಿಗೆ ಹೋಗಿ ಕೊಟ್ಟೆ. ಪುನಃ ತಿಂಗಳೆಲ್ಲ ಬಡಿಯಬೇಕಿಲ್ಲ, ಪಟ್ಟಿಯಷ್ಟು ಬಡಿದರೆ ಸಾಕು ಎಂದೆ.

"ಗಾಡಿ ನಿನ್ನದು. ನೀನು ಕೂರು. ಆದ್ರೆ ಈಗ ಸರಿಯಾಗಿ ಕೇಳ್ತಿದೀನಿ. ನಾನೂ ಒಂದು ಸಲ ಓಡಿಸ್ಬೇಕು."

ಕಾಗದ ತೆಗೆದುಕೊಂಡ. ಬೆಳಕಿಗೆ ಹಿಡಿದು ಗೆರೆ ನೋಡಿದ. ಮೊದಲು ಯಾವತ್ತೂ ನೋಡುತ್ತಿರಲಿಲ್ಲ.

"ನೋಡೋಣ" ಎಂದ. ಅಷ್ಟೇ.

ನವೆಂಬರ್ 4

ಪಟ್ಟಿ ಕೂತಿತು. ತಮ್ಮನೂ ಕೂತ. ಸಲೀಸಾಗಿ. ಎಂಜಿನ್ ಶುರು ಮಾಡಿ ಬೀದಿಯ ತುದಿಯವರೆಗೆ ಹೋಗಿ ಬಂದ. ಇಡೀ ಬೀದಿ ಬಾಗಿಲಲ್ಲಿ ನಿಂತಿತ್ತು. ಎರಡನೇ ಗೇರಿಗೆ ಅದೇ ಪಾತ್ರೆ ಕೆರೆಯುವ ಸದ್ದು. ಅವನ ಮುಖ ನೋಡಿ ನಿಜಕ್ಕೂ ಸಂತೋಷವಾಯಿತು.

ಎಲ್ಲರೂ ಹೋದ ಮೇಲೆ ಹತ್ತಿ ಕೂತೆ. ಎರಡೂ ಪಕ್ಕ ಕೈ ಆಡುವಷ್ಟು ಜಾಗ. ತಿರುವಿನಲ್ಲಿ ಇದರೊಳಗೆ ಡಬ್ಬಿಯೊಳಗಿನ ಕಾಳಿನ ಹಾಗೆ ಉರುಳಾಡುತ್ತೇನೆ. ನಾನೇ ಕತ್ತರಿಸಿ ಕೊಟ್ಟ ಅಳತೆ, ಯಾರನ್ನು ದೂರಲಿ? ಮುಗಿಯಿತು. ಅಂಗಡಿಗೆ ಬಂದು ಒಂಬತ್ತು ಶರ್ಟಿಗೆ ಗುಂಡಿ ಹಚ್ಚಿದೆ. ಅಳು ಬಂತು, ಅತ್ತೆ, ಗುಂಡಿ ಹಚ್ಚಿದೆ.

ನವೆಂಬರ್ 11

ತಮ್ಮ ಬಂದ. ಮತ್ತೆ ಕಟಿಂಗ್ ಟೇಬಲ್ಲಿನ ಮೇಲೇ ಕೂತ. ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟೆ.

"ಒಂದು ದಿಂಬು ಹೊಲೀಬೇಕು. ಎರಡೂ ಪಕ್ಕ, ಬೆನ್ನು, ಮೂರೂ ಸೇರಿಸಿ ಒಂದೇ. ಗಟ್ಟಿ ಸ್ಪಂಜು ಹಾಕು. ಸುತ್ತಳತೆ ಮೂರು ಇಂಚು ಕಡಿಮೆ ಆಗ್ಬೇಕು. ಬೇಕಾದಾಗ ಹಾಕಿ, ಬೇಡದಾಗ ತೆಗೆಯೋ ಹಾಗಿರ್ಲಿ."

"ಯಾರಿಗೆ?"

"ಕೂತ್ರೆ ದೊಗಳೆ ಆಗುತ್ತಲ್ಲ, ಅವ್ರಿಗೆ."

ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಓಟಕ್ಕೆ ಗಾಡಿಗೊಬ್ಬರೇ ಅಲ್ಲವೇ ಎಂದೆ.

"ಫಾರ್ಮಲ್ಲಿ ಡ್ರೈವರ್ ಹೆಸರಿಗೆ ಎರಡು ಗೆರೆ ಇತ್ತು" ಎಂದ. "ಎರಡೂ ತುಂಬಿದೀನಿ. ಮೊದ್ಲು ನಾನು. ಗಾಡಿ ಉಳಿದ್ರೆ ನೀನು."

ಬಾಗಿಲವರೆಗೆ ಹೋಗಿ ತಿರುಗಿದ. "ಅಳತೆ ನಾನೇ ನೋಡ್ತೀನಿ, ಆಯ್ತಾ?" ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಆಯಿತು ಎಂದೆ.

ನವೆಂಬರ್ 30, 10.40

ಗುಡ್ಡದ ಬುಡ. ದಿಂಬಿನ ಅಳತೆ ಬರೆದ ಪುಸ್ತಕ ತರುವ ಬದಲು ಈ ಡೈರಿಯನ್ನೇ ತಂದಿದ್ದೇನೆ, ಗಡಿಬಿಡಿಯಲ್ಲಿ. ತಮ್ಮನ ಓಟ ಆಯಿತು. ಎರಡು ನಿಮಿಷ ಹನ್ನೊಂದು ಸೆಕೆಂಡ್. ಮೂರನೇ ತಿರುವಿನ ಗೇರ್ ಇಲ್ಲಿಗೂ ಕೇಳಿಸಿತು. ಇಳಿದು ಬಂದಾಗ ಮುಖವೆಲ್ಲ ಧೂಳು, ಹಲ್ಲು ಮಾತ್ರ ಬೆಳ್ಳಗೆ.

ದಿಂಬು ಹಾಕಿ ಕೂತಾಯಿತು. ಬೆಲ್ಟ್ ಬಿಗಿದಾಯಿತು. ಚೀಟಿ ಹಿಡಿದು ಬಂದವರೊಬ್ಬರು ನನ್ನನ್ನು ದಾಟಿ ತಮ್ಮನ ಕಡೆ ನೋಡಿ "ಡ್ರೈವರ್ ಯಾರ್ರೀ?" ಎಂದರು. ಅವನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅವನ ಬೂಟಿಗೆ ದಾರವೇ ಇಲ್ಲ. "ನಾನೇ" ಅಂದೆ.

ಮುಂದೆ ಐದು ಗಾಡಿ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಮೂರು. ಅವನ ಹೆಂಡತಿ ಬಾನೆಟ್ಟಿನ ಪಟ್ಟಿ ಬಿಗಿಯುತ್ತಿದ್ದಾಳೆ. "ಅಕ್ಕ, ಮೂಳೆ ಮುರ್ಕೊಂಡ್ರೆ ಫಿಲಂ ನಾನೇ ತೆಗೀತೀನಿ, ಹೆದರ್ಬೇಡಿ."

ಎರಡು.

ಇದನ್ನು ಎಲ್ಲಿಡಲಿ? ತೊಡೆಯ ಕೆಳಗೆ ಜಾಗವಿಲ್ಲ, ಎಲ್ಲ ಬಿಗಿ. ತಮ್ಮ ಕೈ ಚಾಚಿ ನಿಂತಿದ್ದಾನೆ, ಕೊಡು ಇಟ್ಕೊಂಡಿರ್ತೀನಿ ಎನ್ನುತ್ತಿದ್ದಾನೆ. ಓದಿದರೆ ಓದಲಿ. ಅವನಿಗೆ ಗೊತ್ತಿಲ್ಲದ್ದು ಇನ್ನು ಇದರಲ್ಲಿ ಏನೂ