ಐದು ಅಂದರೆ ನಮ್ಮ ಹೈದ

ಆಗಸ್ಟ್ 5, ಮಂಗಳವಾರ

ಮುದ್ದೆ, ಸೊಪ್ಪಿನ ಸಾರು. ಹಸುವಿಗೆ ಹುಲ್ಲು. ಎಲ್ಲ ಮಾಮೂಲಿ. ಆಮೇಲೆ ಫೋನ್ — ತಾಳವಾಡಿ ಕಂಪ್ಯೂಟರ್ ಸೆಂಟರಿನ ಸೋಮಶೇಖರ್ ಸರ್. ಕೆಲಸ ನನಗೇ! ಸೋಮವಾರದಿಂದ. ಶನಿವಾರದೊಳಗೆ ಹೂಂ ಅನ್ನಬೇಕು. ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ.

ಮನೆಯಲ್ಲಿ ಇವರು ಬೇಡ ಅನ್ನಲಿಲ್ಲ. ಒಂದೇ ಮಾತು. "ಅವ್ವುಂಗೆ ಕಣ್ಣು ಮಂಜು. ಒಬ್ಳೇ ಇರಾಗ ಬಿದ್ದುಬುಟ್ರೆ? ಒಲದಲ್ಲಿರೋ ನಂಗೆ ಅವ್ಳೇ ಫೋನ್ ಮಾಡಂಗಾದ್ರೆ ನೀನು ಓಗು."

ಅಷ್ಟೇ ತಾನೇ! ಇವರ ಹಳೇ ಫೋನ್ ಇದೆ. ಪಕ್ಕದ ಗುಂಡಿ ಒತ್ತಿ ಯಾರಿಗೆ ಅಂತ ಹೇಳಿದರೆ ಅದೇ ಫೋನ್ ಮಾಡುತ್ತದೆ. ಕಣ್ಣೇ ಬೇಕಿಲ್ಲ.

ಆಗಸ್ಟ್ 6, ಬುಧವಾರ

ಮೊದಲ ತೊಡಕು — ಹೆಸರು. ಅತ್ತೆ ಮಗನ ಹೆಸರು ಹೇಳುವುದಿಲ್ಲ. ಇಟ್ಟಿರುವುದು ಅವರ ಮಾವನ ಹೆಸರಲ್ಲವೇ. ನಾನೂ ಹೇಳುವುದಿಲ್ಲ, ಗಂಡ. ಬರೆದರೆ ತಪ್ಪಿಲ್ಲ: ಮಹದೇವಸ್ವಾಮಿ. ಹುಟ್ಟಿದಾಗಿನಿಂದ ಅತ್ತೆಗೆ ಇವರು ಹೈದ, ಹುಡುಗ. ಬಾಯಲ್ಲಿ ಬರುವುದು ಐದ. ನಮ್ಮ ಕಡೆ ಬಾಯಲ್ಲಿ ಹ ಎಲ್ಲಿದೆ.

ಹೈದ ಅಂತಲೇ ಸೇವ್ ಮಾಡಿ ಕೈಗೆ ಕೊಟ್ಟೆ. ಅತ್ತೆ ಸೆರಗು ಸರಿಮಾಡಿಕೊಂಡು ಕೂತರು.

"ಅವ್ವ, ನಮ್ಮ ಐದನ್ಗೆ ಫೋನ್ ಮಾಡು."

"ಐದು ಗಂಟೆಗೆ ಅಲಾರಂ ಇಟ್ಟಿದ್ದೇನೆ," ಅಂದಿತು ಫೋನಿನೊಳಗಿನ ಹೆಣ್ಣುದನಿ.

ಬಿದ್ದು ಬಿದ್ದು ನಕ್ಕೆ. ಅತ್ತೆ ನಗಲಿಲ್ಲ. "ಕಿವುಡಿ ಕಣವ್ವ ಇವ್ಳು."

ಆಗಸ್ಟ್ 8, ಶುಕ್ರವಾರ

ಎರಡು ದಿನ ಬರೀ ಹಕಾರದ ಪಾಠ. ಅತ್ತೆ ಹಟ ಹಿಡಿದು ಕಲಿತರು. ಈಗ ಎಲ್ಲದಕ್ಕೂ ಹ. ಬೆಳಿಗ್ಗೆ "ಹನ್ನ ಹಾಯ್ತಾ?" ಅಂದರು. ಆಮೇಲೆ ಫೋನಿಗೆ, ಜೋರಾಗಿ, "ನಮ್ಮ ಹೈದನ್ಗೆ ಫೋನ್ ಮಾಡು."

ಹೈದರಾಬಾದಿನಲ್ಲಿ ಇವತ್ತು ಮೋಡವಂತೆ...

ನನಗೂ ನಗು ಬರಲಿಲ್ಲ. ನಾಳೆ ಶನಿವಾರ. ಅತ್ತೆ ಫೋನ್ ಪಕ್ಕಕ್ಕಿಟ್ಟು, "ನನ್ ನಾಲ್ಗೆಯಿಂದ ನಿನ್ ಕೆಲ್ಸ ಓಯ್ತಲ್ಲವ್ವ" ಅಂದರು.

ಆಗಸ್ಟ್ 9, ಶನಿವಾರ, ಬೆಳಿಗ್ಗೆ 11

ಹೊಳೆಯಿತು! ಪಾತ್ರೆ ತೊಳೆಯುತ್ತಿದ್ದಾಗ. ಅತ್ತೆಯ ನಾಲಿಗೆ ಯಾಕೆ ತಿದ್ದಬೇಕು? ಒದ್ದೆ ಕೈಯಲ್ಲೇ ಓಡಿದೆ. ಹೈದ ಅಳಿಸಿ 'ಐದು' ಅಂತ ಬರೆದೆ. "ಅತ್ತೆ, ಮೊದಲಿನ ಹಾಗೇ ಹೇಳಿ."

"ನಮ್ಮ ಐದನ್ಗೆ ಫೋನ್ ಮಾಡು."

"ಐದುಗೆ ಫೋನ್ ಮಾಡುತ್ತಿದ್ದೇನೆ."

ಹೊಲದಿಂದ ಇವರ "ಅಲೋ" ಕೇಳಿತು! ಅತ್ತೆಯನ್ನು ತಬ್ಬಿಕೊಂಡುಬಿಟ್ಟೆ, ಮದುವೆಯಾದ ಮೇಲೆ ಮೊದಲ ಸಲ. ಅವರು ಮುದುರಿಕೊಂಡು ಫೋನ್ ಕಡೆ ಕೈ ತೋರಿಸಿದರು. "ಐದನ್ಗೆ ಅನ್ನಕೂ ಬರಲ್ಲ ಇವ್ಳ್ಗೆ. ಓಗ್ಲಿ, ಕಲ್ತ್ಕತಾಳೆ."

ಸರ್‌ಗೆ ಹೂಂ ಅಂದಾಯ್ತು.

ಆಗಸ್ಟ್ 11, ಸೋಮವಾರ, ಮಧ್ಯಾಹ್ನ 1.15

ಸೆಂಟರ್. ನನ್ನದೇ ಕುರ್ಚಿ! ಬೆಳಿಗ್ಗೆಯಿಂದ ಹನ್ನೊಂದು ಅರ್ಜಿ ಟೈಪ್ ಮಾಡಿದೆ. ಈಗ ಊಟದ ಬಿಡುವು — ಡಬ್ಬಿ ತೆಗೆಯುವ ಮೊದಲೇ ಫೋನ್. ಮನೆಯಿಂದ. ನನಗೆ ಮಾಡುವುದನ್ನು ಅತ್ತೆಗೆ ಹೇಳಿಕೊಟ್ಟೇ ಇಲ್ಲ.

"ಅತ್ತೆ, ಬಿದ್ದಿರಾ?"

"ಇಲ್ಲ ಕಣವ್ವ. ಉಂಡ್ಯಾ ಅಂತ ಕೇಳಾನ ಅಂತ."

"ಫೋನಿಗೆ ಏನಂತ ಹೇಳಿದಿರಿ?"

"ಮಗಳ್ಗೆ ಮಾಡು ಅಂದೆ. ಬೆಳಿಗ್ಗೆ ನಮ್ಮ ಐದನ್ ಕೈಲಿ ನಿನ್ನೆಸ್ರ ಅಂಗೇ ಬರಸ್ದೆ."

ಉಂಡೆ ಅಂದೆ. ಸುಳ್ಳು. ಫೋನ್ ಇಟ್ಟ ಮೇಲೆ ಅಕ್ಷರವೆಲ್ಲ ಮಂಜು ಮಂಜು. ನನಗೂ ಕಣ್ಣು... ಅಯ್ಯೋ, ಮತ್ತೆ ರಿಂಗ್, ಅತ್ತೆಯೇ —